ಗಿರಾಕಿಗೆ ಇನ್ನೊಂದು ಅಂಗಡಿ ಇದ್ದಾಗ

2016ರ ಮಾರ್ಚ್ 31ರಂದು ಅಮೆರಿಕ, ಆಸ್ಟ್ರೇಲಿಯಾ, ಯುರೋಪಿನ ಟೆಸ್ಲಾ ಮಳಿಗೆಗಳ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು. ಅವರು ಮುಂಗಡ ಕಟ್ಟಲು ಬಂದಿದ್ದ ಕಾರನ್ನು ಆವರೆಗೆ ಯಾರೂ ಕಂಡಿರಲಿಲ್ಲ. ಮಾಡೆಲ್ 3 ಎಂಬ ಆ ಕಾರಿನ ಅನಾವರಣ ಇದ್ದದ್ದೇ ಅಂದು ರಾತ್ರಿ. ಮೊದಲ ಕಾರು ಗಿರಾಕಿಯ ಕೈಸೇರಿದ್ದು ಮರುವರ್ಷದ ಜುಲೈನಲ್ಲಿ. ಆದರೂ ತಲಾ 1,000 ಡಾಲರ್ ಕಟ್ಟಿ ಹೆಸರು ಬರೆಸಿದವರ ಸಂಖ್ಯೆ ಕೆಲವೇ ವಾರಗಳಲ್ಲಿ ಮೂರೂವರೆ ಲಕ್ಷ ದಾಟಿತು. ಇಷ್ಟು ಜನರನ್ನು ಕರೆತರಲು ಕಂಪನಿ ಟಿ.ವಿ. ಜಾಹೀರಾತು ಕೊಟ್ಟಿರಲಿಲ್ಲ, ಕ್ರಿಕೆಟಿಗನನ್ನೋ ಸಿನಿಮಾ ನಟನನ್ನೋ ರಾಯಭಾರಿ ಮಾಡಿಕೊಂಡಿರಲಿಲ್ಲ. ಟೆಸ್ಲಾ ಬಹುಕಾಲ ಜಾಹೀರಾತಿಗೆ ಹಣವನ್ನೇ ಖರ್ಚು ಮಾಡದ ಕಾರು ಕಂಪನಿ. ಪೆಟ್ರೋಲಿನ ಹೊಗೆಯಿಂದ ಲೋಕವನ್ನು ಬಿಡಿಸುತ್ತೇವೆಂಬ ಅದರ ಮಾತು, ಆ ಮಾತನ್ನು ಆಡುತ್ತಿದ್ದ ಇಲಾನ್ ಮಸ್ಕ್ ಎಂಬ ವ್ಯಕ್ತಿಯ ಖ್ಯಾತಿ, ಇವೆರಡೇ ಅದರ ಜಾಹೀರಾತು.

ವರ್ಚಸ್ಸನ್ನು ಬಂಡವಾಳ ಎಂದು ಕರೆಯುವುದು ರೂಢಿ. ಟೆಸ್ಲಾದ ವಿಷಯದಲ್ಲಿ ಅದು ಅಲಂಕಾರದ ಮಾತಲ್ಲ. ಬೇರೆ ಕಂಪನಿಗಳು ವರ್ಷಕ್ಕೆ ನೂರಾರು ಕೋಟಿ ಡಾಲರ್ ಸುರಿದು ಗಳಿಸುವುದನ್ನು ಇದು ಪುಕ್ಕಟೆಯಾಗಿ ಪಡೆಯುತ್ತಿತ್ತು. ಹಾಗಾದರೆ ಆ ಬಂಡವಾಳ ಕರಗಿದಾಗ ಏನಾಗುತ್ತದೆ? ಕಂಪನಿಯ ಒಡೆಯನ ರಾಜಕೀಯ ಅದರ ವ್ಯಾಪಾರವನ್ನು ಎಷ್ಟರ ಮಟ್ಟಿಗೆ ಮುಳುಗಿಸಬಲ್ಲದು, ಎಷ್ಟರ ಮಟ್ಟಿಗೆ ತೇಲಿಸಬಲ್ಲದು? ಕಳೆದ ಮೂರ್ನಾಲ್ಕು ವರ್ಷಗಳಲ್ಲಿ ಮಸ್ಕ್ ಒಡೆತನದ ಬೇರೆ ಬೇರೆ ಉದ್ಯಮಗಳಲ್ಲಿ ಇದಕ್ಕೆ ಬೇರೆ ಬೇರೆ ಉತ್ತರಗಳು ಸಿಕ್ಕಿವೆ. ಒಡೆಯ ಒಬ್ಬನೇ, ಮಾತುಗಳೂ ಅವೇ, ಪರಿಣಾಮ ಮಾತ್ರ ಒಂದೊಂದು ಕಡೆ ಒಂದೊಂದು ಬಗೆ. ಆ ವ್ಯತ್ಯಾಸ ಎಲ್ಲಿಂದ ಬಂತು ಎಂಬುದರಲ್ಲೇ ನಿಜವಾದ ಪಾಠವಿದೆ ಎಂದು ನನಗನ್ನಿಸುತ್ತದೆ.

ಮೊದಲು ಕಾರಿನ ಕಥೆ. 2003ರಲ್ಲಿ ಮಾರ್ಟಿನ್ ಎಬರ್‌ಹಾರ್ಡ್ ಮತ್ತು ಮಾರ್ಕ್ ಟಾರ್ಪೆನಿಂಗ್ ಎಂಬ ಇಬ್ಬರು ಎಂಜಿನಿಯರುಗಳು ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಕಂಪನಿಗೆ ಮಸ್ಕ್ 2004ರಲ್ಲಿ ಹಣ ಹೂಡಿದರು, 2008ರಲ್ಲಿ ಅದರ ಮುಖ್ಯಸ್ಥರಾದರು. ಆರಂಭದ ಗಿರಾಕಿಗಳು ಬಹುಪಾಲು ಹವಾಮಾನ ಬದಲಾವಣೆಯ ಬಗ್ಗೆ ಕಳವಳವುಳ್ಳ, ಓದಿದ, ಅನುಕೂಲಸ್ಥ ಜನ. ರಾಜಕೀಯವಾಗಿ ಹೆಚ್ಚಿನವರು ಡೆಮಾಕ್ರಟಿಕ್ ಪಕ್ಷದ ಕಡೆಯವರು. 2017ರ ಜೂನ್‌ನಲ್ಲಿ ಡೊನಾಲ್ಡ್ ಟ್ರಂಪ್ ಪ್ಯಾರಿಸ್ ಹವಾಮಾನ ಒಪ್ಪಂದದಿಂದ ಹೊರಬರುವುದಾಗಿ ಘೋಷಿಸಿದಾಗ ಅವರ ಸಲಹಾ ಮಂಡಳಿಗಳಿಗೆ ರಾಜೀನಾಮೆ ಕೊಟ್ಟು ಹೊರನಡೆದವರು ಇದೇ ಮಸ್ಕ್. ಗಿರಾಕಿ ಮತ್ತು ಒಡೆಯ ಅಂದು ಒಂದೇ ದಿಕ್ಕಿಗೆ ಮುಖ ಮಾಡಿದ್ದರು.

2022ರ ಅಕ್ಟೋಬರ್‌ನಲ್ಲಿ ಅವರು 4,400 ಕೋಟಿ ಡಾಲರ್‌ಗೆ ಟ್ವಿಟರ್ ಕೊಂಡರು. ಅಲ್ಲಿಂದ ಮುಂದೆ ಅವರ ಮಾತು ದಿನದಿನಕ್ಕೂ ಬಲಪಂಥದ ಕಡೆ ವಾಲತೊಡಗಿತು. 2024ರ ಜುಲೈ 13ರಂದು ಪೆನ್ಸಿಲ್ವೇನಿಯಾದ ಬಟ್ಲರ್‌ನಲ್ಲಿ ಟ್ರಂಪ್ ಮೇಲೆ ಗುಂಡು ಹಾರಿದ ದಿನವೇ ಬಹಿರಂಗ ಬೆಂಬಲ ಘೋಷಿಸಿದರು. ಆ ವರ್ಷದ ಅಧ್ಯಕ್ಷೀಯ ಚುನಾವಣೆಗೆ ಅವರು ಸುರಿದ ಹಣ 25 ಕೋಟಿ ಡಾಲರ್‌ಗೂ ಹೆಚ್ಚು. ಟ್ರಂಪ್ ಗೆದ್ದ ಮೇಲೆ ಮಸ್ಕ್ ಸರ್ಕಾರಿ ವೆಚ್ಚ ಕಡಿತದ ಹೊಣೆ ಹೊತ್ತ ಡೋಜ್ ಎಂಬ ತಂಡದ ಮುಖವಾದರು. ಸಾವಿರಾರು ಸರ್ಕಾರಿ ನೌಕರರು ಕೆಲಸ ಕಳೆದುಕೊಂಡರು. ಅಮೆರಿಕದ ವಿದೇಶಿ ನೆರವಿನ ಸಂಸ್ಥೆ ಬಾಗಿಲು ಹಾಕುವ ಸ್ಥಿತಿಗೆ ಬಂತು.

ಯುರೋಪಿನಲ್ಲಿ ಆದದ್ದು ಇದಕ್ಕಿಂತ ಆಳದ ಗಾಯ. 2025ರ ಜನವರಿ 9ರಂದು ಮಸ್ಕ್ ಜರ್ಮನಿಯ ಕಟ್ಟಾ ಬಲಪಂಥೀಯ ಪಕ್ಷ ಎಎಫ್‌ಡಿಯ ನಾಯಕಿ ಆಲಿಸ್ ವೈಡೆಲ್ ಜೊತೆ ತಮ್ಮ ಎಕ್ಸ್ (ಹಿಂದಿನ ಟ್ವಿಟರ್) ತಾಣದಲ್ಲಿ ಸಂವಾದ ನಡೆಸಿದರು. ಜನವರಿ 20ರಂದು, ಟ್ರಂಪ್ ಪ್ರಮಾಣವಚನದ ದಿನದ ಸಭೆಯಲ್ಲಿ ಅವರು ಕೈಚಾಚಿದ ಭಂಗಿ ನಾಜಿ ವಂದನೆಯಂತಿದೆ ಎಂಬ ಆಕ್ರೋಶ ಎದ್ದಿತು. ಅವರು ಅದನ್ನು ಅಲ್ಲಗಳೆದರು. ಜನವರಿ 25ರಂದು ಹಾಲೆ ನಗರದ ಎಎಫ್‌ಡಿ ಸಭೆಗೆ ವಿಡಿಯೊ ಮೂಲಕ ಬಂದು, ಹಿಂದಿನವರ ತಪ್ಪಿನ ಬಗ್ಗೆ ಜರ್ಮನ್ನರು ಅತಿಯಾಗಿ ಕೊರಗುತ್ತಿದ್ದಾರೆ ಎಂಬರ್ಥದ ಮಾತಾಡಿದರು. ಎರಡೇ ದಿನಗಳಲ್ಲಿ ಔಷ್‌ವಿಟ್ಜ್ ಸಾವಿನ ಶಿಬಿರದ ವಿಮೋಚನೆಗೆ 80 ವರ್ಷ ತುಂಬುವುದಿತ್ತು. ತನ್ನ ಚರಿತ್ರೆಯನ್ನು ಶಾಲೆಯ ಮಕ್ಕಳಿಗೂ ಮುಚ್ಚಿಡದೆ ಕಲಿಸುವ ದೇಶದಲ್ಲಿ, ಅಲ್ಲೇ ಕಾರ್ಖಾನೆ ನಡೆಸುವ ಉದ್ಯಮಿಯೊಬ್ಬ ಆಡಿದ ಮಾತು ಅದು. ಬರ್ಲಿನ್ ಹತ್ತಿರದ ಗ್ರೂನ್‌ಹೈಡೆಯ ಆ ಕಾರ್ಖಾನೆಯಲ್ಲಿ 10 ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಾರೆ. ಆಡಿದ ಮಾತಿನ ಬೆಲೆ ತೆರಬೇಕಾದವರ ಸಾಲಿನಲ್ಲಿ ಮುಂದೆ ನಿಂತವರು ಅವರು.

ಲೆಕ್ಕ ಬೇಗ ಬಂತು. ಜನವರಿಯಲ್ಲಿ ಜರ್ಮನಿಯಲ್ಲಿ ನೋಂದಣಿಯಾದ ಟೆಸ್ಲಾ ಕಾರುಗಳು 1,277. ಹಿಂದಿನ ವರ್ಷದ ಅದೇ ತಿಂಗಳಿಗಿಂತ ಸುಮಾರು ಶೇ 60ರಷ್ಟು ಕಡಿಮೆ. ವರ್ಷವಿಡೀ ನೋಡಿದರೆ 2024ರಲ್ಲಿ 37 ಸಾವಿರ ಮೀರಿದ್ದ ನೋಂದಣಿ 2025ರಲ್ಲಿ 19 ಸಾವಿರದ ಆಸುಪಾಸಿಗೆ ಇಳಿಯಿತು. ಅದೇ ವರ್ಷ ಅದೇ ದೇಶದಲ್ಲಿ ಒಟ್ಟಾರೆ ವಿದ್ಯುತ್ ಕಾರುಗಳ ಮಾರಾಟ ಶೇ 40ಕ್ಕೂ ಮೇಲೆ ಏರಿತ್ತು. ಅಂದರೆ ಜರ್ಮನ್ನರು ವಿದ್ಯುತ್ ಕಾರನ್ನು ಬಿಡಲಿಲ್ಲ, ಟೆಸ್ಲಾವನ್ನು ಬಿಟ್ಟರು. ಫೋಕ್ಸ್‌ವ್ಯಾಗನ್, ಬಿಎಂಡಬ್ಲ್ಯು, ಸ್ಕೋಡಾ, ಚೀನಾದ ಬಿವೈಡಿ, ಎಲ್ಲವೂ ಅದೇ ಬೀದಿಯಲ್ಲಿ ಅಂಗಡಿ ತೆರೆದು ಕೂತಿದ್ದವು.

ಅಮೆರಿಕದಲ್ಲಿ 2025ರ ಮೊದಲ ಮೂರು ತಿಂಗಳ ಹೊತ್ತಿಗೆ ಟೆಸ್ಲಾ ಮಳಿಗೆಗಳ ಮುಂದೆ ವಾರವಾರವೂ ಪ್ರತಿಭಟನೆ. ಕೆಲವು ಕಡೆ ಕಾರುಗಳಿಗೆ ಬೆಂಕಿ ಹಚ್ಚುವ, ಗಾಜು ಒಡೆಯುವ ಕೃತ್ಯಗಳೂ ನಡೆದವು. ಯಾರದೋ ಮೇಲಿನ ಸಿಟ್ಟನ್ನು ಇನ್ಯಾರದೋ ಕಾರಿನ ಮೇಲೆ ತೀರಿಸಿಕೊಳ್ಳುವುದನ್ನು ಯಾವ ರಾಜಕೀಯವೂ ಸಮರ್ಥಿಸಲಾರದು. ಮಸ್ಕ್ ಹೀಗೆಂದು ಗೊತ್ತಾಗುವ ಮುನ್ನವೇ ಈ ಕಾರು ಕೊಂಡೆ ಎಂಬರ್ಥದ ಸ್ಟಿಕ್ಕರ್‌ಗಳನ್ನು ಮಾಲೀಕರೇ ಹಿಂಬದಿಗೆ ಅಂಟಿಸಿಕೊಂಡು ಓಡಾಡತೊಡಗಿದರು. ಈ ಸ್ಟಿಕ್ಕರನ್ನು ನಾನು ಸಣ್ಣ ಸಂಗತಿ ಎಂದು ತಳ್ಳಿಹಾಕಲಾರೆ. ಕಾರು ಮನೆಯೊಳಗೆ ಇರುವ ವಸ್ತುವಲ್ಲ. ನೆರೆಯವರ ಕಣ್ಣೆದುರು ನಿಲ್ಲುತ್ತದೆ, ಕಚೇರಿಯ ಆವರಣಕ್ಕೆ ಬರುತ್ತದೆ, ಮಕ್ಕಳ ಶಾಲೆಯ ಗೇಟಿಗೆ ಹೋಗುತ್ತದೆ. ಒಂದು ಕಾಲಕ್ಕೆ ಇವನು ಪರಿಸರದ ಕಾಳಜಿಯುಳ್ಳವನು ಎಂದು ಊರಿಗೆ ಸಾರುತ್ತಿದ್ದ ಅದೇ ಲಾಂಛನ, ಈಗ ಮಾಲೀಕನಿಗೆ ಸಂಬಂಧವೇ ಇಲ್ಲದ ರಾಜಕೀಯವನ್ನು ಅವನ ಹೆಸರಿಗೆ ಬರೆಯಿತು.

ಆ ತ್ರೈಮಾಸಿಕದಲ್ಲಿ ಟೆಸ್ಲಾ ಒಪ್ಪಿಸಿದ ಕಾರುಗಳ ಸಂಖ್ಯೆ ಶೇ 13ರಷ್ಟು ಕುಸಿಯಿತು, ಲಾಭ ಶೇ 71ರಷ್ಟು ಇಳಿದು 40.9 ಕೋಟಿ ಡಾಲರ್‌ಗೆ ಬಂತು. ಆ ಲಾಭದ ಹಿಂದೆ ಇನ್ನೊಂದು ಲೆಕ್ಕವಿದೆ. ಹೊಗೆಯ ಮಿತಿ ಮೀರಿದ ಬೇರೆ ಕಾರು ಕಂಪನಿಗಳು ದಂಡದಿಂದ ಪಾರಾಗಲು ಟೆಸ್ಲಾದಿಂದ ಕ್ರೆಡಿಟ್ ಕೊಳ್ಳುತ್ತವೆ. ಆ ಮೂರು ತಿಂಗಳಲ್ಲಿ ಅದರಿಂದ ಬಂದದ್ದು 59.5 ಕೋಟಿ ಡಾಲರ್. ಆ ಹಣ ಇಲ್ಲದಿದ್ದರೆ ಕಂಪನಿ ನಷ್ಟದಲ್ಲಿರುತ್ತಿತ್ತು.

ಇದನ್ನೆಲ್ಲ ರಾಜಕೀಯದ ಖಾತೆಗೇ ಬರೆದುಬಿಡುವುದು ನ್ಯಾಯವಲ್ಲ. ಆ ತಿಂಗಳುಗಳಲ್ಲಿ ಮಾಡೆಲ್ ವೈ ಕಾರಿನ ಹೊಸ ಆವೃತ್ತಿಗಾಗಿ ಕಾರ್ಖಾನೆಗಳು ಕೆಲವು ವಾರ ಉತ್ಪಾದನೆ ನಿಲ್ಲಿಸಿದ್ದವು. ಕಂಪನಿಯ ಮುಖ್ಯ ಮಾದರಿಗಳು ಹಳೆಯವಾಗಿದ್ದವು. ಚೀನಾದಲ್ಲಿ ಟೆಸ್ಲಾ ಎದುರಿಸಿದ್ದು ಬೆಲೆಯಲ್ಲೂ ತಂತ್ರಜ್ಞಾನದಲ್ಲೂ ಮುನ್ನುಗ್ಗಿದ ಸ್ಥಳೀಯ ಪೈಪೋಟಿಯನ್ನು. ಮಸ್ಕ್ ಜರ್ಮನಿಯಲ್ಲಿ ಏನು ಹೇಳಿದರೆಂಬುದು ಶಾಂಘೈನ ಗಿರಾಕಿಗೆ ಮುಖ್ಯವಾಗಲಿಲ್ಲ. ನಾರ್ವೆಯಂತೂ ಸುಲಭದ ವಿವರಣೆಗಳನ್ನೆಲ್ಲ ತಲೆಕೆಳಗು ಮಾಡುತ್ತದೆ. ಯುರೋಪಿನ ಬಹುಪಾಲು ದೇಶಗಳಲ್ಲಿ ಕುಸಿದ ವರ್ಷವೇ ಅಲ್ಲಿ ಟೆಸ್ಲಾ ದಾಖಲೆಯ ಮಾರಾಟ ಕಂಡಿತು. ವಿದ್ಯುತ್ ಕಾರುಗಳಿಗಿದ್ದ ತೆರಿಗೆ ವಿನಾಯಿತಿ ವರ್ಷಾಂತ್ಯಕ್ಕೆ ಮೊಟಕಾಗಲಿತ್ತು. ಸಿಗುವ ಬೆಲೆಗೆ ಒಳ್ಳೆಯ ಕಾರೆಂದು ಜನ ಕೊಂಡರು.

ಹಾಗಾದರೆ ರಾಜಕೀಯದ ಪಾಲನ್ನು ಬೇರ್ಪಡಿಸಿ ಅಳೆಯುವುದು ಹೇಗೆ? ಯೇಲ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು 2025ರಲ್ಲಿ ಒಂದು ದಾರಿ ಹುಡುಕಿದರು. ಕಾರು ಹಳೆಯದಾದರೆ, ಪೈಪೋಟಿ ಹೆಚ್ಚಿದರೆ ಅದರ ಪರಿಣಾಮ ಅಮೆರಿಕದ ಎಲ್ಲ ಜಿಲ್ಲೆಗಳಲ್ಲೂ ಹೆಚ್ಚುಕಡಿಮೆ ಒಂದೇ ರೀತಿ ಕಾಣಬೇಕು. ಡೆಮಾಕ್ರಟಿಕ್ ಮತ ಹೆಚ್ಚಿರುವ ಜಿಲ್ಲೆಗಳಲ್ಲೇ ಮಾರಾಟ ಹೆಚ್ಚಾಗಿ ಕುಸಿದಿದ್ದರೆ, ಆ ಹೆಚ್ಚುವರಿ ಕುಸಿತ ರಾಜಕೀಯದ್ದು. ಹೀಗೆ ಲೆಕ್ಕ ಹಾಕಿದಾಗ, 2022ರ ಅಕ್ಟೋಬರ್‌ನಿಂದ 2025ರ ಏಪ್ರಿಲ್‌ವರೆಗೆ ಮಸ್ಕ್ ಅವರ ಪಕ್ಷಪಾತದ ನಡೆಯಿಂದ ಅಮೆರಿಕದಲ್ಲಿ ಟೆಸ್ಲಾ ಕಳೆದುಕೊಂಡ ಮಾರಾಟ 10 ಲಕ್ಷದಿಂದ 12.6 ಲಕ್ಷ ಕಾರು ಎಂದು ಅವರು ಅಂದಾಜಿಸಿದರು. ಇತರ ಕಂಪನಿಗಳ ವಿದ್ಯುತ್ ಮತ್ತು ಹೈಬ್ರಿಡ್ ಕಾರುಗಳ ಮಾರಾಟ ಇದೇ ಕಾರಣಕ್ಕೆ ಶೇ 17ರಿಂದ 22ರಷ್ಟು ಏರಿತಂತೆ. ಅಂದಾಜು ಅಂದಾಜೇ. ಆದರೂ ಅದು ತೋರಿಸುವ ದಿಕ್ಕು ಜರ್ಮನಿಯ ಅಂಕಿಗಳು ತೋರಿಸಿದ ದಿಕ್ಕೇ: ಟೆಸ್ಲಾ ಬಿಟ್ಟ ಗಿರಾಕಿ ಪಕ್ಕದ ಅಂಗಡಿಗೆ ಹೋದ.

ಒಂದು ಕಡೆಯವರನ್ನು ಕಳೆದುಕೊಂಡರೆ ಇನ್ನೊಂದು ಕಡೆಯವರು ಬಂದು ತುಂಬುತ್ತಾರೆ ಎಂಬ ಲೆಕ್ಕ ಮಸ್ಕ್ ಬಳಗದಲ್ಲಿ ಇದ್ದಿರಬಹುದು. 2025ರ ಮಾರ್ಚ್ 10ರಂದು ಷೇರು ಒಂದೇ ದಿನ ಶೇ 15ರಷ್ಟು ಕುಸಿದಾಗ, ಮರುದಿನ ಶ್ವೇತಭವನದ ಆವರಣದಲ್ಲೇ ಟೆಸ್ಲಾ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಅಧ್ಯಕ್ಷರು ತಾವೇ ಒಂದನ್ನು ಕೊಳ್ಳುವುದಾಗಿ ಕ್ಯಾಮೆರಾಗಳ ಮುಂದೆ ಹೇಳಿದರು. ದೇಶವೊಂದರ ಅತ್ಯುನ್ನತ ಕಚೇರಿ ಖಾಸಗಿ ಕಂಪನಿಯೊಂದರ ಮಳಿಗೆಯಾದದ್ದು ನನ್ನನ್ನು ಇಂದಿಗೂ ಕಾಡುತ್ತದೆ. ಅಷ್ಟಾದರೂ ಮಾರಾಟ ಏಳಲಿಲ್ಲ. ವಿದ್ಯುತ್ ಕಾರೆಂದರೆ ಅನುಮಾನದಿಂದ ನೋಡುತ್ತಿದ್ದ ಸಮೂಹ ನಾಯಕನ ಮಾತಿಗೆ ಚಪ್ಪಾಳೆ ತಟ್ಟಿತು, ಕಾರು ಕೊಳ್ಳಲಿಲ್ಲ. ಮೆಚ್ಚುಗೆಗೆ ದುಡ್ಡು ಬೇಡ, ಕಾರಿಗೆ ಬೇಕು.

ರಾಜಕೀಯ ಸಖ್ಯದ ಇನ್ನೊಂದು ಅಪಾಯವೂ ಆ ವರ್ಷವೇ ಬಯಲಾಯಿತು. ಜೂನ್ 5ರಂದು ಟ್ರಂಪ್ ಮತ್ತು ಮಸ್ಕ್ ಬಹಿರಂಗವಾಗಿ ಕಿತ್ತಾಡಿದರು. ಆ ಒಂದೇ ದಿನ ಟೆಸ್ಲಾದ ಮಾರುಕಟ್ಟೆ ಮೌಲ್ಯದಲ್ಲಿ 15,000 ಕೋಟಿ ಡಾಲರ್ ಅಳಿಸಿಹೋಯಿತು. ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಕಾಯ್ದೆ, ವಿದ್ಯುತ್ ಕಾರು ಕೊಳ್ಳುವವರಿಗೆ ಸಿಗುತ್ತಿದ್ದ 7,500 ಡಾಲರ್ ತೆರಿಗೆ ರಿಯಾಯಿತಿಯನ್ನು ಸೆಪ್ಟೆಂಬರ್ ಕೊನೆಗೆ ನಿಲ್ಲಿಸಿತು. ಹೊಗೆಯ ಮಿತಿ ಮೀರಿದ ಕಂಪನಿಗಳಿಗಿದ್ದ ದಂಡವನ್ನೂ ಅದು ಸೊನ್ನೆಗೆ ಇಳಿಸಿತು. ದಂಡವೇ ಇಲ್ಲದಾಗ ಟೆಸ್ಲಾದಿಂದ ಕ್ರೆಡಿಟ್ ಕೊಳ್ಳುವವರು ಯಾರು? ತಾನು ಹಣ ಕೊಟ್ಟು ಗೆಲ್ಲಿಸಿದ ಸರ್ಕಾರವೇ ತನ್ನ ವ್ಯಾಪಾರದ ಎರಡು ಆಧಾರಗಳನ್ನು ಕಿತ್ತುಹಾಕಿತು. 2025 ಮುಗಿಯುವಾಗ ಟೆಸ್ಲಾ ಮಾರಿದ್ದು 16.36 ಲಕ್ಷ ಕಾರು. 2023ರಲ್ಲಿ 18 ಲಕ್ಷ, 2024ರಲ್ಲಿ 17.89 ಲಕ್ಷ ಇದ್ದದ್ದು ಸತತ ಎರಡನೇ ವರ್ಷವೂ ಇಳಿಯಿತು. 22 ಲಕ್ಷಕ್ಕೂ ಹೆಚ್ಚು ವಿದ್ಯುತ್ ಕಾರು ಮಾರಿದ ಬಿವೈಡಿ ಮೊದಲ ಸ್ಥಾನ ಕಸಿದುಕೊಂಡಿತು.

ಇಷ್ಟಕ್ಕೇ ನಿಲ್ಲಿಸಿದರೆ, ಕೆಟ್ಟ ಹೆಸರು ವ್ಯಾಪಾರವನ್ನು ಕೆಡಿಸುತ್ತದೆ ಎಂಬ ಸಮಾಧಾನದ ಕಥೆಯಾಗುತ್ತದೆ. ಅದು ಅರ್ಧ ಮಾತ್ರ ನಿಜ. 2024ರ ಡಿಸೆಂಬರ್‌ನ ಶಿಖರದಿಂದ 2025ರ ಮಾರ್ಚ್ ಹೊತ್ತಿಗೆ ಅರ್ಧಕ್ಕಿಂತ ಕೆಳಗಿಳಿದಿದ್ದ ಟೆಸ್ಲಾ ಷೇರು, ವರ್ಷಾಂತ್ಯಕ್ಕೆ ಮತ್ತೆ ಹೊಸ ದಾಖಲೆ ಬರೆಯಿತು. ನವೆಂಬರ್ 6ರಂದು ಷೇರುದಾರರು ಶೇ 75ಕ್ಕೂ ಹೆಚ್ಚು ಬಹುಮತದಿಂದ ಮಸ್ಕ್ ಅವರ ಸಂಭಾವನೆಯ ಯೋಜನೆಯನ್ನು ಒಪ್ಪಿದರು. ಹಾಕಿಕೊಂಡ ಗುರಿಗಳೆಲ್ಲ ಮುಟ್ಟಿದರೆ ಹತ್ತು ವರ್ಷಗಳಲ್ಲಿ ಅದರ ಮೌಲ್ಯ 1 ಲಕ್ಷ ಕೋಟಿ ಡಾಲರ್ ಆಗಬಹುದು. ನಾರ್ವೆಯ ಸರ್ಕಾರಿ ಹೂಡಿಕೆ ನಿಧಿ ವಿರುದ್ಧವಾಗಿ ಮತ ಹಾಕಿತಾದರೂ ಫಲಿತಾಂಶ ಬದಲಾಗಲಿಲ್ಲ. ಷೇರುದಾರ ಇವತ್ತಿನ ಕಾರಿಗೆ ಬೆಲೆ ಕಟ್ಟುತ್ತಿಲ್ಲ; ಚಾಲಕನಿಲ್ಲದ ಟ್ಯಾಕ್ಸಿ, ಮನುಷ್ಯಾಕಾರದ ರೋಬೊ ಮುಂತಾದ ನಾಳೆಯ ಭರವಸೆಗಳಿಗೆ ಕಟ್ಟುತ್ತಿದ್ದಾನೆ. ಆ ಭರವಸೆಯನ್ನು ಮಾರುವವರು ಇನ್ನೊಬ್ಬರಿಲ್ಲ ಎಂದು ಅವನು ನಂಬಿದ್ದಾನೆ. ಹಾಗಾಗಿ ಕಾರಿನ ಗಿರಾಕಿಯ ಬೇಸರ ಅವನಿಗೆ ತಟ್ಟುವುದಿಲ್ಲ.

ಗಿರಾಕಿ ಸರ್ಕಾರವೇ ಆದಾಗ ಏನಾಗುತ್ತದೆ ಎಂಬುದಕ್ಕೆ ಮಸ್ಕ್ ಒಡೆತನದ ಹೊರಗಿನ ಒಂದು ಉದಾಹರಣೆ, ಟೆಸ್ಲಾದಂತೆ 2003ರಲ್ಲೇ ಶುರುವಾದ ಪಲಾಂಟಿರ್. ಮಾಹಿತಿಯ ರಾಶಿಯನ್ನು ಜೋಡಿಸಿ ಜಾಲಾಡುವ ತಂತ್ರಾಂಶ ಅದರ ಸರಕು. ಸೇನೆ, ಗುಪ್ತಚರ ಇಲಾಖೆಗಳು ಅದರ ದೊಡ್ಡ ಗಿರಾಕಿಗಳು. ವಲಸಿಗರನ್ನು ಪತ್ತೆಹಚ್ಚಿ ಹೊರಹಾಕುವ ಅಮೆರಿಕದ ಇಲಾಖೆಗೆ ತಂತ್ರಾಂಶ ಒದಗಿಸಿದ್ದಕ್ಕಾಗಿ ವರ್ಷಗಳಿಂದ ಅದರ ವಿರುದ್ಧ ಪ್ರತಿಭಟನೆ ನಡೆದಿದೆ. ವ್ಯಾಪಾರ? 2025ರ ಮೂರನೇ ತ್ರೈಮಾಸಿಕದಲ್ಲಿ ಅದರ ಆದಾಯ ಹಿಂದಿನ ವರ್ಷಕ್ಕಿಂತ ಶೇ 63ರಷ್ಟು ಹೆಚ್ಚಿತು. ಅದೇ ವರ್ಷ ಅಮೆರಿಕದ ಸೇನೆ ಅದರೊಂದಿಗೆ ಹತ್ತು ವರ್ಷಗಳಲ್ಲಿ 1,000 ಕೋಟಿ ಡಾಲರ್‌ವರೆಗೆ ಹೋಗಬಹುದಾದ ಒಪ್ಪಂದ ಮಾಡಿಕೊಂಡಿತು. ಬೀದಿಯಲ್ಲಿ ಫಲಕ ಹಿಡಿದು ನಿಂತವರಲ್ಲಿ ಯಾರೂ ಪಲಾಂಟಿರ್‌ನ ಗಿರಾಕಿಯಲ್ಲ. ಅವರ ತೆರಿಗೆಯಿಂದಲೇ ಆ ಕಂಪನಿಗೆ ಹಣ ಹೋಗುತ್ತದೆ, ಆದರೆ ಕೊಡುವುದಿಲ್ಲ ಎನ್ನುವ ಅಧಿಕಾರ ಅವರಿಗಿಲ್ಲ. ನಾಗರಿಕನ ಕಣ್ಣಿಗೆ ಕಳಂಕವಾಗಿ ಕಾಣುವ ನಿಲುವು ಸರ್ಕಾರದ ಕಣ್ಣಿಗೆ ನಂಬಿಕೆಯ ಗುರುತು.

ಮಸ್ಕ್ ಅವರದೇ ಉಪಗ್ರಹ ಇಂಟರ್ನೆಟ್ ಸೇವೆ ಸ್ಟಾರ್‌ಲಿಂಕ್ ಇನ್ನೂ ಸ್ಪಷ್ಟ ನಿದರ್ಶನ. ಉಕ್ರೇನಿನ ಯುದ್ಧಭೂಮಿಯಲ್ಲಿ ಇಂಟರ್ನೆಟ್ ನಡೆಯುವುದು ಅದರ ಉಪಗ್ರಹಗಳಿಂದ; ಅದರ ಬಿಲ್ಲಿನ ಒಂದು ಪಾಲನ್ನು ಪೋಲೆಂಡ್ ಕಟ್ಟುತ್ತದೆ. 2025ರ ಮಾರ್ಚ್‌ನಲ್ಲಿ ಪೋಲೆಂಡಿನ ವಿದೇಶಾಂಗ ಸಚಿವ ರಾಡೊಸ್ಲಾವ್ ಸಿಕೋರ್ಸ್ಕಿ, ಈ ಕಂಪನಿ ನೆಚ್ಚುವಂಥದ್ದಲ್ಲ ಎಂದಾದರೆ ಬೇರೆಯವರನ್ನು ಹುಡುಕಬೇಕಾಗುತ್ತದೆ ಎಂದರು. ಸುಮ್ಮನಿರುವಂತೆ ಗದರಿಸಿದ ಮಸ್ಕ್, ಸ್ಟಾರ್‌ಲಿಂಕ್‌ಗೆ ಬದಲಿ ಎಂಬುದೇ ಇಲ್ಲ ಎಂದು ಉತ್ತರಿಸಿದರು. ಸಾರ್ವಭೌಮ ದೇಶವೊಂದರ ಸಚಿವರಿಗೆ, ಅದೂ ಹಣ ಕಟ್ಟುತ್ತಿರುವ ಗಿರಾಕಿಗೆ, ಹೀಗೆ ಹೇಳುವ ಧೈರ್ಯ ಬಂದದ್ದು ಆ ಮಾತು ನಿಜವಾಗಿದ್ದರಿಂದ. ಅದೇ ತಿಂಗಳು ಕೆನಡಾದ ಆಂಟೇರಿಯೊ ಪ್ರಾಂತ್ಯ ಅಮೆರಿಕದ ಸುಂಕಕ್ಕೆ ಪ್ರತಿಯಾಗಿ ಸ್ಟಾರ್‌ಲಿಂಕ್ ಜೊತೆಗಿನ 10 ಕೋಟಿ ಕೆನಡಾ ಡಾಲರ್‌ನ ಗುತ್ತಿಗೆಯಿಂದ ಹಿಂದೆ ಸರಿಯಿತು. ಬಾಂಬ್ ಬೀಳದ ಊರಿಗೆ ಅಷ್ಟು ಅವಕಾಶವಿರುತ್ತದೆ.

ಎಕ್ಸ್ ತಾಣದ್ದು ಟೆಸ್ಲಾ ಮತ್ತು ಸ್ಟಾರ್‌ಲಿಂಕ್‌ಗಳ ನಡುವಿನ ಸ್ಥಿತಿ. ಅಲ್ಲಿ ಹಣ ಕೊಡುವ ಗಿರಾಕಿಗಳು ಜಾಹೀರಾತು ಕಂಪನಿಗಳು. 2023ರ ನವೆಂಬರ್‌ನಲ್ಲಿ ಯಹೂದಿ ದ್ವೇಷದ ಬರಹವೊಂದಕ್ಕೆ ಮಸ್ಕ್ ತಲೆದೂಗಿದಾಗ ಐಬಿಎಂ, ಆ್ಯಪಲ್, ಡಿಸ್ನಿ ಜಾಹೀರಾತು ನಿಲ್ಲಿಸಿದವು. ಗೂಗಲ್, ಫೇಸ್‌ಬುಕ್‌ಗಳಂಥ ಬೇರೆ ಜಾಗ ಅವಕ್ಕಿತ್ತು. ಆದರೆ 2024ರ ಆಗಸ್ಟ್‌ನಲ್ಲಿ ಎಕ್ಸ್, ಗಾರ್ಮ್ ಎಂಬ ಪುಟ್ಟ ಒಕ್ಕೂಟದ ಮೂಲಕ ಕೂಡಿಕೊಂಡು ಬಹಿಷ್ಕರಿಸಿದ್ದಾರೆಂದು ಜಾಹೀರಾತುದಾರರ ಮೇಲೆ ಮೊಕದ್ದಮೆ ಹೂಡಿತು. ಕೆಲವೇ ದಿನಗಳಲ್ಲಿ ಆ ಒಕ್ಕೂಟವೇ ಮುಚ್ಚಿತು. ಬೇರೆ ಅಂಗಡಿಗೆ ಹೋಗುವ ಹಕ್ಕನ್ನೇ ನ್ಯಾಯಾಲಯದಲ್ಲಿ ಪ್ರಶ್ನಿಸುವ ಕಾಲ ಬಂದಿದೆ ಎಂಬುದು ನನ್ನನ್ನು ಆತಂಕಕ್ಕೀಡುಮಾಡಿದ ಬೆಳವಣಿಗೆ.

ಇನ್ನು ನಮ್ಮ ಕಡೆ. ಟೆಸ್ಲಾದ ಭಾರತೀಯ ಅಂಗಸಂಸ್ಥೆ 2021ರ ಜನವರಿಯಲ್ಲಿ ನೋಂದಣಿಯಾದದ್ದು ಬೆಂಗಳೂರಿನಲ್ಲಿ. ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಸಂಭ್ರಮದಿಂದ ಸ್ವಾಗತಿಸಿದ್ದರು. ಕಾರ್ಖಾನೆ ಬರಲಿಲ್ಲ. ಮೊದಲ ಮಳಿಗೆ ತೆರೆದದ್ದು 2025ರ ಜುಲೈನಲ್ಲಿ, ಮುಂಬೈಯಲ್ಲಿ. ಆಗ ಆಮದು ಸುಂಕ ಸೇರಿ ಮಾಡೆಲ್ ವೈ ಬೆಲೆ 59.89 ಲಕ್ಷ ರೂಪಾಯಿಯಿಂದ ಶುರುವಾಗುತ್ತಿತ್ತು. ಆ ಬೆಲೆಗೆ ಮಸ್ಕ್ ಅವರ ರಾಜಕೀಯದ ಪ್ರಶ್ನೆ ಇಲ್ಲಿ ಏಳುವುದೇ ಅಪರೂಪ.

ನಮಗೆ ನಿಜವಾಗಿ ತಟ್ಟುವುದು ಅವರ ಬೇರೆ ಎರಡು ಕಂಪನಿಗಳು. 2025ರ ಮಾರ್ಚ್‌ನಲ್ಲಿ ಎಕ್ಸ್, ಬರಹಗಳನ್ನು ತೆಗೆಸಲು ಬಳಸುವ ಸಹಯೋಗ್ ಪೋರ್ಟಲ್ ವಿರುದ್ಧ ಕೇಂದ್ರ ಸರ್ಕಾರವನ್ನು ಕರ್ನಾಟಕ ಹೈಕೋರ್ಟಿಗೆ ಎಳೆಯಿತು. ಅದೇ ತಿಂಗಳು ಸ್ಟಾರ್‌ಲಿಂಕ್‌ನ ಸೇವೆ ತರಲು ಏರ್‌ಟೆಲ್ ಮತ್ತು ಜಿಯೋ ಒಂದು ದಿನದ ಅಂತರದಲ್ಲಿ ಒಪ್ಪಂದ ಪ್ರಕಟಿಸಿದವು. ಜೂನ್‌ನಲ್ಲಿ ಸ್ಟಾರ್‌ಲಿಂಕ್‌ಗೆ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿತು. ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಎಕ್ಸ್‌ನ ಅರ್ಜಿಯನ್ನು ವಜಾ ಮಾಡಿದರು. ಮೇಲ್ಮನವಿ ಸಲ್ಲಿಸುವುದಾಗಿ ಕಂಪನಿ ಹೇಳಿತು. ಒಬ್ಬನೇ ಒಡೆಯನ ಒಂದು ಕಂಪನಿ ಸರ್ಕಾರದೊಂದಿಗೆ ಕಟಕಟೆಯಲ್ಲಿ, ಇನ್ನೊಂದರ ಕೈಯಲ್ಲಿ ಅದೇ ಸರ್ಕಾರದ ಪರವಾನಗಿ. ಎರಡಕ್ಕೂ ಸಂಬಂಧ ಕಲ್ಪಿಸಲು ಪುರಾವೆಯಿಲ್ಲ, ನಾನು ಕಲ್ಪಿಸುವುದೂ ಇಲ್ಲ. ಆದರೆ ನಾಳೆ ಈ ಎರಡರಲ್ಲಿ ಒಂದನ್ನು ಇನ್ನೊಂದರ ಜೊತೆ ತೂಗುವ ಆಮಿಷ ಸರ್ಕಾರಕ್ಕೂ ಬರಬಹುದು, ಕಂಪನಿಗೂ ಬರಬಹುದು.

ಆಗ ಪೇಚಿಗೆ ಸಿಲುಕುವವರು ಮಲೆನಾಡಿನಂಥ ಕಡೆಯ ಜನ. ಆನ್‌ಲೈನ್ ಪಾಠದ ದಿನಗಳಲ್ಲಿ ಸಿಗ್ನಲ್‌ಗಾಗಿ ಅಲ್ಲಿನ ಮಕ್ಕಳು ಗುಡ್ಡದ ನೆತ್ತಿ ಹತ್ತಿ ಕೂತದ್ದನ್ನು ನಾಡೆಲ್ಲ ನೋಡಿದೆ. ಟವರ್ ಹಾಕಲು ಕಾಡು ಬಿಡದ, ಕೇಬಲ್ ಎಳೆಯಲು ಲೆಕ್ಕ ಕೂಡದ ಆ ಹಳ್ಳಿಗಳಿಗೆ ಉಪಗ್ರಹದ ಇಂಟರ್ನೆಟ್ ನಿಜವಾಗಿಯೂ ವರವಾಗಬಲ್ಲದು, ಅದು ಬೇಗ ಬರಲಿ ಎಂಬುದೇ ನನ್ನ ಆಸೆ. ಆದರೆ ಅದು ಸ್ಟಾರ್‌ಲಿಂಕ್ ಒಂದರಿಂದಲೇ ಬರಬೇಕಿಲ್ಲ. ಭಾರ್ತಿ ಸಮೂಹದ ಪಾಲಿರುವ ಒನ್‌ವೆಬ್‌ಗೂ, ಜಿಯೋ ಪಾಲುದಾರಿಕೆಯ ಕಂಪನಿಗೂ ಇಂಥದೇ ಪರವಾನಗಿ ಇದೆ. ತರಂಗಾಂತರದ ದರ, ಮನೆಮನೆಯ ಸಂಪರ್ಕದ ಷರತ್ತು ಇವುಗಳನ್ನು ಗೊತ್ತುಮಾಡುವಾಗ ಆ ಪರವಾನಗಿಗಳು ಕಾಗದದಲ್ಲೇ ಉಳಿಯದೆ ಕಾಡಂಚಿನ ಮನೆಯ ಮಾಡಿನವರೆಗೂ ಮುಟ್ಟುವಂತೆ ನೋಡಿಕೊಳ್ಳುವುದು ಈಗಲೇ ಆಗಬೇಕಾದ ಕೆಲಸ. ಒಂದೇ ಕಂಪನಿಯ ತಟ್ಟೆ ಎಲ್ಲ ಮಾಡುಗಳ ಮೇಲೂ ಕೂತ ಮೇಲೆ ಇನ್ನೊಂದು ಆಯ್ಕೆ ಕೇಳುವುದು, ಪೋಲೆಂಡ್ ಕಂಡಂತೆ, ತಡವಾಗುತ್ತದೆ.